ಹೊಳೆದಂಡೆಯ ಚಳಿಗಾಲ: ಮೇಡ್ಲೇರಿಯಿಂದ ಗಳಗನಾಥದವರೆಗೆ

ಮಳೆ ನಿಂತು, ಹೊಳೆ ಇಳಿದು, ಗೋವಿನಜೋಳ ಕಣಕ್ಕೆ ಬಂದ ಮೇಲೆ ರಾಣೇಬೆನ್ನೂರು ಮತ್ತು ಹಾವೇರಿ ತಾಲ್ಲೂಕುಗಳ ಪೂರ್ವದ ಅಂಚು ತಿರುಗಾಟಕ್ಕೆ ಹದವಾಗುತ್ತದೆ. ಡಿಸೆಂಬರ್ ಮೊದಲ ವಾರದಿಂದ ಶಿವರಾತ್ರಿಯವರೆಗೆ, ಸುಮಾರು ಎರಡೂವರೆ ತಿಂಗಳು, ತುಂಗಭದ್ರೆಯ ದಂಡೆಯಲ್ಲಿ ಮಧ್ಯಾಹ್ನದ ಎರಡು ಮೂರು ತಾಸು ಬಿಟ್ಟರೆ ದಿನವಿಡೀ ನಡೆಯಬಹುದು. ಬೆಳಗಿನ ಜಾವ 15 ಡಿಗ್ರಿ ಆಸುಪಾಸಿನ ಚಳಿ, ಮಧ್ಯಾಹ್ನ 30ರ ಹತ್ತಿರದ ಬಿಸಿಲು. ಈ ದಂಡೆಯ ಮೇಲೆ ಚೌಡಯ್ಯದಾನಪುರ, ಹರಳಹಳ್ಳಿ, ಗಳಗನಾಥ ಸಾಲಾಗಿ ಇವೆ. ಆಚೆ ದಂಡೆಯಲ್ಲಿ ಕುರುವತ್ತಿ, ಮೈಲಾರ ಇವೆ. ದಂಡೆಯಿಂದ ಸ್ವಲ್ಪ ಒಳಗೆ ಗುತ್ತಲ ಇದೆ. ಅದು ಒಂದು ಕಾಲಕ್ಕೆ ಗುತ್ತರಸರ ರಾಜಧಾನಿ, ಶಾಸನಗಳ ಗುತ್ತವೊಳಲು.

ಈ ಗುಡಿಗಳನ್ನು ಒಂದೊಂದಾಗಿ ನೋಡಿದವರು ಬಹಳ ಮಂದಿ. ಕಾರು ನಿಲ್ಲಿಸಿ, ಕಾಯಿ ಒಡೆಸಿ, ಫೋಟೊ ತೆಗೆದು ಮುಂದಿನ ಊರಿಗೆ ಹೊರಡುತ್ತಾರೆ. ಹೊಳೆಯನ್ನು ಬಿಟ್ಟು ನೋಡಿದರೆ ಈ ಗುಡಿಗಳು ಅರ್ಧ ಮಾತ್ರ ಕಾಣುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಟ್ಟಿದವರು ಹೊಳೆಯನ್ನು ನೋಡಿ ಜಾಗ ಆರಿಸಿದರು. ಕಲ್ಲು, ಕಾಳು, ಯಾತ್ರಿಕರು, ಸೈನ್ಯ ಎಲ್ಲವೂ ಇದೇ ದಂಡೆಗುಂಟ ಓಡಾಡಿದವು. ಆದ್ದರಿಂದ ಈ ಲೇಖನದಲ್ಲಿ ದಾರಿ ಹೇಳುವಾಗ ಗುಡಿಯ ಜತೆಗೆ ಅದರ ಮುಂದಿನ ಹೊಳೆಯನ್ನೂ ಸೇರಿಸಿದ್ದೇನೆ.

ತುಂಗೆ ಮತ್ತು ಭದ್ರೆ ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಸೇರಿ ಒಂದು ಹೊಳೆಯಾಗುತ್ತವೆ. ಅಲ್ಲಿಂದ ಕೃಷ್ಣೆಯನ್ನು ಸೇರುವವರೆಗೆ ತುಂಗಭದ್ರೆಯ ಉದ್ದ 531 ಕಿಲೋಮೀಟರ್. ಹರಿಹರ ದಾಟಿದ ಮೇಲೆ ಅದು ಉತ್ತರಕ್ಕೆ ಮುಖ ಮಾಡಿ ನಮ್ಮ ಹಾವೇರಿ ಜಿಲ್ಲೆಯ ಪೂರ್ವದ ಗಡಿಯಾಗಿ ಹರಿಯುತ್ತದೆ. ಗಡಿ ಎನ್ನುವುದು ಈಚಿನ ಲೆಕ್ಕ. ಬ್ರಿಟಿಷರ ಕಾಲದಲ್ಲಿ ಈಚೆ ದಂಡೆಯ ರಾಣೇಬೆನ್ನೂರು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ, ಆಚೆ ದಂಡೆಯ ಹಡಗಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ, ಮೇಲಿನ ಹರಿಹರ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಹಡಗಲಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು, ಧಾರವಾಡ ಜಿಲ್ಲೆ 1956ರ ನವೆಂಬರ್ 1ರಂದು ಬಂತು. ಹೀಗೆ ಒಂದೇ ಭಾಷೆಯ, ಒಂದೇ ಜಾತ್ರೆಯ ಜನ ಮೂರು ಸರ್ಕಾರಗಳ ಕೈಕೆಳಗಿದ್ದರು. ಎರಡೂ ದಂಡೆಗಳನ್ನು ಕೂಡಿಸಿ ನೋಡುವ ರೂಢಿ ನಮ್ಮಲ್ಲಿ ತಪ್ಪಿಹೋದದ್ದಕ್ಕೆ ಇದೂ ಒಂದು ಕಾರಣ ಇರಬೇಕು.

ಹೊರಡುವ ಮೊದಲು

ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಬರುವವರಿಗೆ ರಾಣೇಬೆನ್ನೂರು, ಬ್ಯಾಡಗಿ, ಹಾವೇರಿ ಮೂರೂ ರೈಲು ನಿಲ್ದಾಣಗಳು. ರಾಷ್ಟ್ರೀಯ ಹೆದ್ದಾರಿ 48 ಕೂಡ ಈ ಮೂರು ತಾಲ್ಲೂಕುಗಳನ್ನು ಮುಟ್ಟಿಕೊಂಡೇ ಹೋಗುತ್ತದೆ. ರಾಣೇಬೆನ್ನೂರು ತಾಲ್ಲೂಕಿನ ಮೇಡ್ಲೇರಿಯವರಿಗೆ ಇದು ಮನೆಯ ಹಿತ್ತಿಲಿನ ದಾರಿ. ಊರಿನಿಂದ ಪೂರ್ವಕ್ಕೆ ಹೊರಟರೆ ಹೊಳೆ ದೂರವಿಲ್ಲ, ಉತ್ತರಕ್ಕೆ ತಿರುಗಿದರೆ ಚೌಡಯ್ಯದಾನಪುರ, ಗುತ್ತಲದ ಕಡೆಯ ದಾರಿ. ವಾಯವ್ಯ ಸಾರಿಗೆಯ ಬಸ್ಸುಗಳು ಗುತ್ತಲದವರೆಗೆ ಸಾಕಷ್ಟು ಸಿಗುತ್ತವೆ, ದಂಡೆಯ ಸಣ್ಣ ಊರುಗಳಿಗೆ ಕಡಿಮೆ. ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದ ಮೇಲೆ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಗುಂಪಾಗಿ ಈ ಊರುಗಳಿಗೆ ಬರುವುದು ಹೆಚ್ಚಾಗಿದೆ. ಬಸ್ಸಿನಲ್ಲಿ ಹೋಗುವವರು ಇಳಿದ ತಕ್ಷಣ ಕೊನೆಯ ಬಸ್ಸಿನ ಸಮಯವನ್ನು ಕಂಡಕ್ಟರನ್ನೇ ಕೇಳಿಟ್ಟುಕೊಳ್ಳಿ. ಸಂಜೆ ಆರರ ನಂತರ ಈ ದಾರಿಗಳಲ್ಲಿ ವಾಹನ ವಿರಳ.

ಬೈಕಿನವರಿಗೆ ಒಂದು ಎಚ್ಚರಿಕೆ. ಡಿಸೆಂಬರಿನಲ್ಲಿ ರೈತರು ಗೋವಿನಜೋಳವನ್ನು ರಸ್ತೆಯ ಒಂದು ಮಗ್ಗುಲಿಗೆ ಹರವಿ ಒಣಗಿಸುತ್ತಾರೆ, ಸುತ್ತ ಕಲ್ಲು ಇಟ್ಟಿರುತ್ತಾರೆ. ಮಂಜಿನಲ್ಲಿ, ಕತ್ತಲಲ್ಲಿ ಆ ಕಲ್ಲುಗಳು ಕಾಣುವುದಿಲ್ಲ. ಕಾಳಿನ ಮೇಲೆ ಗಾಲಿ ಜಾರುತ್ತದೆ. ಕಬ್ಬಿನ ಟ್ರ್ಯಾಕ್ಟರುಗಳಿಗೆ ಹಿಂದಿನ ದೀಪ ಇರುವುದು ಕಡಿಮೆ. ಬೆಳಕು ಹರಿದ ಮೇಲೆ ಹೊರಟು, ಬೆಳಕಿರುವಾಗಲೇ ಮರಳಿ ಬನ್ನಿ. ಡಿಸೆಂಬರ್ ಕೊನೆಗೆ ಈ ಭಾಗದಲ್ಲಿ ಸೂರ್ಯ ಏಳುವುದು 6.50ರ ಸುಮಾರಿಗೆ, ಮುಳುಗುವುದು 6.05ರ ಸುಮಾರಿಗೆ. ಅಂದರೆ ಹನ್ನೊಂದು ತಾಸಿಗೆ ಮೇಲ್ಪಟ್ಟ ಬೆಳಕು ನಿಮ್ಮ ಕೈಯಲ್ಲಿ ಇರುತ್ತದೆ. ಅದೇ ದಿನಗಳಲ್ಲಿ ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ತಿರುಗುವವರಿಗೆ ಬೆಳಗಿನ ಎಂಟರಿಂದ ಮಧ್ಯಾಹ್ನ ನಾಲ್ಕರೊಳಗೆ ಎಲ್ಲವೂ ಮುಗಿಯಬೇಕು.

ಕಾಲಿಗೆ ಗಟ್ಟಿ ಅಟ್ಟೆಯ ಬೂಟು ಬೇಕೇ ಬೇಕು. ದಂಡೆಯ ಹಾದಿಯಲ್ಲಿ ಜಾಲಿಮುಳ್ಳು ಚಪ್ಪಲಿಯನ್ನು ತೂರಿ ಬರುತ್ತದೆ. ತಲೆಗೊಂದು ಟವೆಲ್ಲು, ಒಬ್ಬರಿಗೆ ಎರಡು ಲೀಟರ್ ನೀರು, ನಾಯಿಗಳಿಗೆ ಹೆದರುವವರಿಗೆ ಒಂದು ಕೋಲು, ಸಣ್ಣದೊಂದು ಟಾರ್ಚು. ಟಾರ್ಚಿನ ಕೆಲಸವನ್ನು ಚೌಡಯ್ಯದಾನಪುರದಲ್ಲಿ ಹೇಳುತ್ತೇನೆ. ಶೌಚಾಲಯದ ಅನುಕೂಲ ದಂಡೆಯ ಊರುಗಳಲ್ಲಿ ನೆಚ್ಚುವಂತಿಲ್ಲ. ಹೆಣ್ಣುಮಕ್ಕಳು, ವಯಸ್ಸಾದವರು ಜತೆಗಿದ್ದರೆ ರಾಣೇಬೆನ್ನೂರು ಅಥವಾ ಗುತ್ತಲದ ಬಸ್ ನಿಲ್ದಾಣದಲ್ಲೇ ನಿಂತು ಮುಂದೆ ಹೋಗುವುದು ಒಳ್ಳೆಯದು. ಜೋಳದ, ಕಡಲೆಯ ಹೊಲದ ಬದುವಿನ ಮೇಲೆ ನಡೆಯಬೇಕಾಗಿ ಬಂದರೆ ಹೊಲದವರನ್ನು ಒಂದು ಮಾತು ಕೇಳಿ. ಬೇಡ ಎನ್ನುವವರು ಇಲ್ಲವೆಂದೇ ಹೇಳಬಹುದು. ಕೇಳಿದ್ದಕ್ಕೆ ಸೀತನಿ ತೆನೆ ಕೈಗೆ ಕೊಟ್ಟು ಕಳಿಸುವವರೂ ಸಿಗುತ್ತಾರೆ.

ಇನ್ನು ಹೊಳೆಯ ವಿಷಯ. ಚಳಿಗಾಲದಲ್ಲಿ ನೀರು ತಗ್ಗಿ, ಬಂಡೆ, ಮರಳು ಹೊರಗೆ ಕಾಣುತ್ತವೆ. ಮೊಣಕಾಲು ಮಟ್ಟದ ನೀರು ಎಂದು ಇಳಿದವರು ಒಂದು ಹೆಜ್ಜೆಗೆ ಆಳಕ್ಕೆ ಹೋಗುವ ಅಪಾಯ ಇಲ್ಲಿ ನಿಜ. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ತುಂಗಭದ್ರೆಯಲ್ಲಿ ಮೊಸಳೆಗಳೂ ಇವೆ, ಚಳಿಯ ದಿನಗಳಲ್ಲಿ ಅವು ಬಿಸಿಲು ಕಾಯಲು ಬಂಡೆ, ಮರಳಿನ ದಿಣ್ಣೆಗೆ ಬರುತ್ತವೆ. ಜನ ಮೀಯುವ, ಬಟ್ಟೆ ಒಗೆಯುವ ಮೆಟ್ಟಿಲುಗಳ ಬಳಿ ಬಿಟ್ಟು ಬೇರೆಲ್ಲೂ ನೀರಿಗೆ ಇಳಿಯಬೇಡಿ. ಮಕ್ಕಳ ಕೈ ಬಿಡಬೇಡಿ. ಯಾವ ಜಾಗ ಸುರಕ್ಷಿತ ಎಂದು ಹೇಳಬಲ್ಲವರು ಅಲ್ಲಿನ ಅಂಬಿಗರು. ಅವರ ಮಾತೇ ಕೊನೆಯ ಮಾತು.

ಚೌಡಯ್ಯದಾನಪುರ: ಬೆಳಗಿನ ಊರು

ಈ ದಂಡೆಯಲ್ಲಿ ಒಂದೇ ಊರು ನೋಡಲು ಸಮಯವಿದ್ದರೆ ಚೌಡಯ್ಯದಾನಪುರವನ್ನೇ ನೋಡಿ. ಬೆಳಗ್ಗೆ ಏಳೂವರೆಗೆ ಅಲ್ಲಿರಬೇಕು. ನಮ್ಮದು ಪಶ್ಚಿಮದ ದಂಡೆಯಾದ್ದರಿಂದ ಸೂರ್ಯ ಹಡಗಲಿಯ ಕಡೆಯಿಂದ, ಹೊಳೆಯ ಆಚೆಯಿಂದ ಮೇಲೆ ಬರುತ್ತಾನೆ. ಆ ಎಳೆಬಿಸಿಲು ನೀರನ್ನು ದಾಟಿ ನೇರ ಮುಕ್ತೇಶ್ವರ ಗುಡಿಯ ಗೋಡೆಗೆ ಬೀಳುತ್ತದೆ. ಬಳಪದ ಕಲ್ಲಿನ ಗೋಡೆ ಆ ಒಂದು ತಾಸಿನಲ್ಲಿ ತೋರಿಸುವ ಕೆತ್ತನೆಯ ಆಳವನ್ನು ಮಧ್ಯಾಹ್ನದ ಬಿಸಿಲಿನಲ್ಲಿ ತೋರಿಸುವುದಿಲ್ಲ.

ಗುಡಿ ದೊಡ್ಡದಲ್ಲ. ಒಂದೇ ಗರ್ಭಗುಡಿ, ಮುಂದೆ ಮಂಟಪ, ಮೇಲೆ ಅಂತಸ್ತು ಅಂತಸ್ತಾಗಿ ಏರುವ ಶಿಖರ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬೆಳೆದ ಕಟ್ಟೋಣದ ಶೈಲಿ ಇದು. ಗೋಡೆಯ ಕಂಬಗಳ ಮೇಲೆ ಪುಟ್ಟ ಪುಟ್ಟ ಶಿಖರಗಳನ್ನು ಕಡೆದಿದ್ದಾರೆ. ಅವುಗಳನ್ನು ಮೊದಲು ನೋಡಿ ಆಮೇಲೆ ಮೇಲಿನ ದೊಡ್ಡ ಶಿಖರ ನೋಡಿದರೆ ಇಡೀ ಗುಡಿಯ ಲೆಕ್ಕಾಚಾರ ಕಣ್ಣಿಗೆ ಸಿಗುತ್ತದೆ. ಒಳಗೆ ಹೋಗುವ ಮೊದಲು ಹೊರಗೆ ಪೂರ್ತಿ ಒಂದು ಸುತ್ತು ಬನ್ನಿ, ಅವಸರ ಬೇಡ.

ಇಲ್ಲಿಯ ನಿಜವಾದ ಸಂಪತ್ತು ಶಾಸನಗಳು. ಆಳೆತ್ತರದ ಕಲ್ಲುಗಳ ಮೇಲೆ ಸಾಲು ಸಾಲಾಗಿ ಕೊರೆದ ಹಳೆಯ ಕನ್ನಡದ ಬರಹ. ಗುತ್ತರಸರು, ದೇವಗಿರಿಯ ಸೇವುಣರ ಕಾಲ, ಇಲ್ಲಿದ್ದ ಶೈವ ಗುರುಗಳು, ಗುಡಿಗೆ ಬಿಟ್ಟ ಭೂಮಿ ಇವೆಲ್ಲವೂ ಅವುಗಳಲ್ಲಿವೆ. ಗುತ್ತರಸರು ತಮ್ಮನ್ನು ಉಜ್ಜಯಿನಿಯ ಚಂದ್ರಗುಪ್ತ ವಿಕ್ರಮಾದಿತ್ಯನ ವಂಶದವರೆಂದು ಕರೆದುಕೊಂಡರು. ಚಾಲುಕ್ಯರು, ಕಳಚುರಿಗಳು, ಸೇವುಣರು ಹೀಗೆ ಬದಲಾದ ಒಡೆಯರ ಕೆಳಗೆ ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಈ ಹೊಳೆಸಾಲನ್ನು ಆಳಿದರು. ಶಿವದೇವ ಎಂಬ ವಿರಕ್ತ 1225ರಲ್ಲಿ ಈ ಊರಿಗೆ ಬಂದು ತನ್ನ ದೀರ್ಘ ಬಾಳನ್ನು ಇಲ್ಲೇ ತಪಸ್ಸಿನಲ್ಲಿ ಕಳೆದ ಸಂಗತಿಯೂ ಶಾಸನದಿಂದಲೇ ತಿಳಿದದ್ದು. ಹಾವೇರಿಯವರೇ ಆದ ವಿದುಷಿ ವಸುಂಧರಾ ಫಿಲಿಯೋಜಾ ಈ ಗುಡಿಯನ್ನೂ ಅದರ ಶಾಸನಗಳನ್ನೂ ಕುರಿತು ಒಂದು ಇಡೀ ಪುಸ್ತಕ ಬರೆದಿದ್ದಾರೆ, ಅದು 1995ರಲ್ಲಿ ಪ್ರಕಟವಾಯಿತು. ನಮ್ಮ ತಾಲ್ಲೂಕಿನ ಒಂದು ಸಣ್ಣ ಊರಿನ ಗುಡಿಗೆ ಇಂಥ ಅಧ್ಯಯನ ದಕ್ಕಿದ್ದು ದೊಡ್ಡ ಮಾತು.

ಟಾರ್ಚಿನ ಕೆಲಸ ಇಲ್ಲಿ. ಶಾಸನದ ಎದುರು ನಿಂತು ನೇರ ಬೆಳಕು ಬಿಟ್ಟರೆ ಅಕ್ಷರ ಕಾಣುವುದಿಲ್ಲ. ಕಲ್ಲಿನ ಮಗ್ಗುಲಿಗೆ ನಿಂತು, ಬೆಳಕನ್ನು ಓರೆಯಾಗಿ ಮೇಲ್ಮೈಗುಂಟ ಹಾಯಿಸಿ. ಕೊರೆದ ಗೆರೆಯಲ್ಲಿ ನೆರಳು ತುಂಬಿ ಅಕ್ಷರ ಎದ್ದು ನಿಲ್ಲುತ್ತದೆ. ಬೆಳಗಿನ ಓರೆ ಬಿಸಿಲು ಇದೇ ಕೆಲಸ ಮಾಡುತ್ತದೆ. ಇಂದಿನ ಕನ್ನಡ ಓದಬಲ್ಲ ಮಕ್ಕಳು ಸ್ವಲ್ಪ ತಾಳ್ಮೆ ತೋರಿದರೆ ಕೆಲವು ಅಕ್ಷರಗಳನ್ನು ತಾವೇ ಗುರುತಿಸುತ್ತಾರೆ, ಆ ಖುಷಿಗೆ ಸಾಟಿಯಿಲ್ಲ. ಆದರೆ ಅಕ್ಷರ ಕಾಣಲಿ ಎಂದು ಸುಣ್ಣ, ವಿಭೂತಿ, ಸೀಮೆಸುಣ್ಣ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಎಣ್ಣೆ ಕುಡಿದ ಕಲ್ಲಿಗೆ ಧೂಳು ಅಂಟಿ ಅಕ್ಷರ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಬಳಪದ ಕಲ್ಲು ಮೆದು, ಕೀಲಿಕೈಯಿಂದ ಗೀರಿದರೂ ಗಾಯವಾಗುತ್ತದೆ.

ಗುಡಿಯಿಂದ ಹೊಳೆಯ ಕಡೆಗೆ ನಡೆಯಿರಿ. ದಂಡೆಯ ಕಲ್ಲಿನ ಮಂಟಪವನ್ನು ಜನ ಅಂಬಿಗರ ಚೌಡಯ್ಯನ ಗದ್ದುಗೆ ಎಂದು ನಂಬಿ ನಡೆದುಕೊಳ್ಳುತ್ತಾರೆ. ಮೊದಲು ಶಿವಪುರವಾಗಿದ್ದ ಊರು ಅವನಿಗೆ ದಾನವಾಗಿ ಬಂದು ಈ ಹೆಸರು ಪಡೆಯಿತು ಎಂಬುದು ಇಲ್ಲಿಯ ಪ್ರತೀತಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ಚೌಡಯ್ಯನ ಮಾತಿನ ಕಸುವೇ ಬೇರೆ. ಉಳಿದವರು ಇಷ್ಟದೈವದ ಹೆಸರಿನಲ್ಲಿ ವಚನ ಮುಗಿಸಿದರೆ ಅವನು ತನ್ನ ಹೆಸರನ್ನೇ, ತನ್ನ ಕಾಯಕದ ಸಮೇತ, ಅಂಕಿತವಾಗಿ ಇಟ್ಟ. ಹರಿಗೋಲು ಹಾಕುವ ಕಾಯಕದವನು ಪಂಡಿತರೆದುರು ಹಾಗೆ ನಿಂತದ್ದು ಈ ನೀರಿನ ಮುಂದೆ ನಿಂತಾಗ ಇನ್ನಷ್ಟು ಅರ್ಥವಾಗುತ್ತದೆ. ಮಳೆಗಾಲದ ತುಂಗಭದ್ರೆಯಲ್ಲಿ ಜನರನ್ನು ದಡ ಮುಟ್ಟಿಸುವವನಿಗೆ ಯಾರ ಮರ್ಜಿಯೂ ಬೇಕಾಗುವುದಿಲ್ಲ. ಪಕ್ಕದ ನರಸೀಪುರದಲ್ಲಿ ಚೌಡಯ್ಯನ ಹೆಸರಿನ ಗುರುಪೀಠ ಇದೆ. ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ಉತ್ಸವ, ಜನವರಿ 21ರಂದು ಚೌಡಯ್ಯನ ಜಯಂತಿ. ಜನಸಾಗರದಲ್ಲಿ ಕೂಡಬೇಕು ಎನ್ನುವವರು ಆ ದಿನಗಳಲ್ಲಿ ಬನ್ನಿ. ಶಾಸನ ಓದಬೇಕು ಎನ್ನುವವರು ಅವುಗಳನ್ನು ಬಿಟ್ಟು ಬನ್ನಿ.

ಆಚೆ ದಂಡೆ

ಕುರುವತ್ತಿ ಹಡಗಲಿ ತಾಲ್ಲೂಕಿನಲ್ಲಿದೆ, ಈಗ ವಿಜಯನಗರ ಜಿಲ್ಲೆ. ಹೊಳೆ ದಾಟಲು ಯಾವ ಸೇತುವೆ ಹತ್ತಿರ ಎಂಬುದನ್ನು ಆ ದಿನ ನೀವು ಇರುವ ಊರಿನಲ್ಲೇ ಕೇಳಿ. ಫೋನಿನ ನಕ್ಷೆ ಹೊಲದ ದಾರಿಗಳನ್ನು ಡಾಂಬರು ರಸ್ತೆಯೆಂದು ತೋರಿಸುವುದುಂಟು. ಅಲ್ಲಿಯ ಮಲ್ಲಿಕಾರ್ಜುನ ಗುಡಿಯ ಮಂಟಪದ ಕಂಬಗಳಿಗೆ ಕೂಡಿಸಿದ ಮದನಿಕೆಯರನ್ನು ನೋಡಲೆಂದೇ ಹೋಗಬೇಕು. ಬೇಲೂರಿನ ಮದನಿಕೆಯರನ್ನು ನೋಡಿ ಬಂದವರು ಇವುಗಳ ಮುಂದೆ ನಿಂತರೆ, ಆ ಕಲೆ ಹೊಯ್ಸಳರಿಗಿಂತ ಮೊದಲೇ ನಮ್ಮ ಹೊಳೆಸಾಲಿನಲ್ಲಿ ಎಷ್ಟು ಹದಗೊಂಡಿತ್ತು ಎಂಬುದನ್ನು ಕಾಣುತ್ತಾರೆ. ಹೆನ್ರಿ ಕಸೆನ್ಸ್ 1926ರಲ್ಲಿ ಪ್ರಕಟಿಸಿದ ಚಾಲುಕ್ಯ ವಾಸ್ತುಶಿಲ್ಪದ ದೊಡ್ಡ ಗ್ರಂಥದಲ್ಲಿ ಈ ದಂಡೆಯ ಗುಡಿಗಳಿಗೆ ಜಾಗ ಕೊಟ್ಟಿದ್ದಾನೆ.

ಕುರುವತ್ತಿಯ ಹೊಳೆಗೆ ಇನ್ನೊಂದು ನೆನಪು ಅಂಟಿಕೊಂಡಿದೆ. ಕಲ್ಯಾಣವನ್ನು ರಾಜಧಾನಿಯಾಗಿ ಬೆಳೆಸಿದ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರ, ಆಹವಮಲ್ಲ, ವಾಸಿಯಾಗದ ಕಾಯಿಲೆಗೆ ತುತ್ತಾಗಿ 1068ರ ಮಾರ್ಚಿನಲ್ಲಿ ಇಲ್ಲಿ ತುಂಗಭದ್ರೆಯಲ್ಲಿ ಜಲಸಮಾಧಿಯಾದ. ಅವನ ಮಗ ಆರನೆಯ ವಿಕ್ರಮಾದಿತ್ಯನ ಆಸ್ಥಾನಕವಿ ಬಿಲ್ಹಣ ತನ್ನ ವಿಕ್ರಮಾಂಕದೇವಚರಿತದಲ್ಲಿ ಆ ಸಾವನ್ನು ವರ್ಣಿಸಿದ್ದಾನೆ. ಚೋಳರೊಡನೆ ಬಾಳಿಡೀ ಕಾದಾಡಿದ ದೊರೆ ಕೊನೆಗೆ ಆರಿಸಿಕೊಂಡದ್ದು ಈ ಹೊಳೆಯನ್ನು. ಆ ದಂಡೆಯಲ್ಲಿ ನಿಂತು ಇದನ್ನು ಒಮ್ಮೆ ನೆನೆಯಲೇಬೇಕು ಎಂದು ನನಗೆ ಅನಿಸುತ್ತದೆ.

ಮೈಲಾರಕ್ಕೆ ಹೋಗುವವರು ಭರತ ಹುಣ್ಣಿಮೆಯ ದಿನ ನೋಡಿಕೊಳ್ಳಿ. ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಬರುತ್ತದೆ. ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದೇ ಸಾಲಿನ ಕಾರಣಿಕವನ್ನು ಕೇಳಲು ಈಚೆ ದಂಡೆಯ ನಮ್ಮ ಊರುಗಳಿಂದ ಎತ್ತಿನಗಾಡಿ, ಟ್ರ್ಯಾಕ್ಟರು, ಕಾಲ್ನಡಿಗೆಯಲ್ಲಿ ಜನ ಹೋಗುತ್ತಾರೆ. ಆ ವರ್ಷದ ಮಳೆ ಬೆಳೆಯನ್ನು ಅದರಲ್ಲಿ ಓದಿಕೊಳ್ಳುತ್ತಾರೆ. ಕುರುವತ್ತಿ ಬಸವೇಶ್ವರನ ಜಾತ್ರೆ ಶಿವರಾತ್ರಿಯ ಆಚೀಚೆ. ಜಾತ್ರೆಯ ಮೂರು ದಿನ ಈ ರಸ್ತೆಗಳಲ್ಲಿ ಕಾರು ಒಯ್ಯುವುದು ಬೇಡ.

ಗುತ್ತಲ, ಹರಳಹಳ್ಳಿ, ಗಳಗನಾಥ

ಗುತ್ತಲದಲ್ಲಿ ಅರಮನೆ ಹುಡುಕಬೇಡಿ. ರಾಜಧಾನಿಯ ಗುರುತು ಈಗ ಅಲ್ಲಲ್ಲಿ ಉಳಿದ ಕಲ್ಲು, ಗುಡಿಗಳಲ್ಲಿ ಮಾತ್ರ ಇದೆ. ಪೇಟೆಯಲ್ಲಿ ಊಟ ಮುಗಿಸಿ ಮುಂದೆ ಹೊರಡಲು ಇದು ಸರಿಯಾದ ಜಾಗ. ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಿಕೆಕಾಳು ಪಲ್ಯ, ಗುರೆಳ್ಳು ಚಟ್ನಿ, ಗಡಿಗೆ ಮೊಸರು ಸಿಕ್ಕರೆ ಬೇರೇನೂ ಕೇಳಬೇಡಿ. ಮನೆಯಿಂದ ಬುತ್ತಿ ತರುವುದಾದರೆ ಸಂಕ್ರಾಂತಿಯ ವಾರದ್ದು ಎಲ್ಲಕ್ಕಿಂತ ಮೇಲು: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕುಚ್ಚಿದ ಕಾಳು. ಅವುಗಳನ್ನು ಹೊಳೆದಂಡೆಯಲ್ಲಿ ಕೂತು ತಿನ್ನುವುದು ಈ ಭಾಗದ ಹಳೆಯ ಪದ್ಧತಿ. ಉಂಡ ಮೇಲೆ ಪ್ಲಾಸ್ಟಿಕ್ ತಟ್ಟೆ, ಲೋಟ, ನೀರಿನ ಪೊಟ್ಟಣ ಯಾವುದನ್ನೂ ಅಲ್ಲಿ ಬಿಡದೆ ಚೀಲಕ್ಕೆ ಹಾಕಿಕೊಂಡು ಬನ್ನಿ. ಸಂಕ್ರಾಂತಿಯ ಮರುದಿನ ನಮ್ಮ ದಂಡೆಗಳನ್ನು ನೋಡಿದರೆ ಸಂಕಟವಾಗುತ್ತದೆ.

ಹರಳಹಳ್ಳಿಯ ಸೋಮೇಶ್ವರ ಗುಡಿ ಮೂರು ಗರ್ಭಗುಡಿಗಳದ್ದು. ಚೌಡಯ್ಯದಾನಪುರದ ಒಂಟಿ ಶಿಖರವನ್ನು ಬೆಳಗ್ಗೆ ನೋಡಿದ ಕಣ್ಣಿಗೆ ಇಲ್ಲಿ ಒಂದೇ ಮಂಟಪಕ್ಕೆ ಮೂರು ಗುಡಿಗಳನ್ನು ಹೊಂದಿಸಿದ ಬಗೆ ಕುತೂಹಲ ಹುಟ್ಟಿಸುತ್ತದೆ. ಜನ ಕಡಿಮೆ, ಮುಕ್ಕಾಲು ತಾಸು ಸಾಕು.

ಗಳಗನಾಥವನ್ನು ಸಂಜೆಗೆ ಇಟ್ಟುಕೊಳ್ಳಿ. ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟಿದ ವರದೆ ಬನವಾಸಿಯನ್ನು ಬಳಸಿ, ಹಾನಗಲ್ಲು, ಹಾವೇರಿ ಸೀಮೆಯನ್ನು ಹಾದು ಇಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಎರಡೂ ಹೊಳೆಗಳು ಒಟ್ಟಿಗೆ ಉಕ್ಕಿ ಬರುವ ಊರಿನಲ್ಲಿ, ಸುಮಾರು 1080ರ ಹೊತ್ತಿಗೆ, ಗಳಗೇಶ್ವರ ಗುಡಿ ಎದ್ದಿತು. ಅದರ ತಳವನ್ನು ನೋಡಲು ಹತ್ತು ನಿಮಿಷ ಬೇರೆಯಾಗಿ ಇಡಿ. ಸಾಮಾನ್ಯವಾಗಿ ಗುಡಿಯ ಅಡಿಪಾಯ ಮಣ್ಣಿನೊಳಗೆ ಅಡಗಿರುತ್ತದೆ, ಗೋಡೆ ನೇರ ಮೇಲೆದ್ದಿರುತ್ತದೆ. ಇಲ್ಲಿ ಕೆಳಗೆ ಅಗಲವಾಗಿ ಹರಡಿದ ಕಲ್ಲಿನ ಪಾವಟಿಗೆಗಳು ಹಂತ ಹಂತವಾಗಿ ಕಿರಿದಾಗುತ್ತ ಮೇಲೇರಿ ಗುಡಿಯನ್ನು ಸುತ್ತಲಿಂದ ಒತ್ತಿ ಹಿಡಿದಿವೆ. ಹೊಳೆಯ ಪಕ್ಕದ ಮೆದು ನೆಲದಲ್ಲಿ ಇಷ್ಟು ಭಾರದ ಕಟ್ಟಡ ಒಂಬೈನೂರು ವರ್ಷಕ್ಕೂ ಮಿಕ್ಕಿ ನಿಂತಿರುವುದನ್ನು ಈ ತಳವನ್ನು ಬಿಟ್ಟು ವಿವರಿಸಲಾಗದು. ಕೆತ್ತನೆಯಲ್ಲಿ ಚೌಡಯ್ಯದಾನಪುರ ಮುಂದು, ಕಟ್ಟುವ ಜಾಣ್ಮೆಯಲ್ಲಿ ಗಳಗನಾಥ ಮುಂದು ಎನ್ನುವುದು ನನ್ನ ತೀರ್ಮಾನ. ಸಿವಿಲ್ ಎಂಜಿನಿಯರಿಂಗ್ ಓದುವ ಮಕ್ಕಳು ಮನೆಯಲ್ಲಿದ್ದರೆ ಅವರನ್ನು ಕರೆತಂದು ಈ ತಳವನ್ನೇ ಮೊದಲು ತೋರಿಸಿ. ಒಳಗಿನ ಲಿಂಗವನ್ನು ಸ್ಪರ್ಶಲಿಂಗ ಎಂದು ಕರೆಯುತ್ತಾರೆ.

ಈ ಊರಿನ ಹೆಸರು ಕನ್ನಡದ ಓದುಗರಿಗೆಲ್ಲ ಗೊತ್ತಿರುವುದು ವೆಂಕಟೇಶ ತಿರಕೊ ಕುಲಕರ್ಣಿಯವರಿಂದ. ಅವರು 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡರು. ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡು ಗಳಗನಾಥರಾದರು. ವಿಜಯನಗರ ಹುಟ್ಟಿದ ಕಥೆಯನ್ನು ‘ಮಾಧವ ಕರುಣಾ ವಿಲಾಸ’ ಕಾದಂಬರಿಯಲ್ಲಿ ಬರೆದರು, ಅಗಡಿಯ ಆನಂದವನದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಗೆ ದುಡಿದರು. ಕನ್ನಡ ಪುಸ್ತಕ ಕೊಳ್ಳುವ ರೂಢಿಯೇ ಇಲ್ಲದ ಕಾಲದಲ್ಲಿ ಪುಸ್ತಕದ ಹೊರೆ ಹೊತ್ತು ಊರೂರು ಸುತ್ತಿ ಮಾರಿದರು. ಅವರು ನಡೆದ ನಾಡಿನಲ್ಲಿ ನಾವು ಒಂದು ದಿನ ನಡೆಯುತ್ತಿದ್ದೇವೆ ಎಂಬುದು ನೆನಪಿರಲಿ. ಅವರ ಒಂದು ಕಾದಂಬರಿಯನ್ನು ಹೊರಡುವ ಮೊದಲು ಓದಿ ಬಂದರೆ ಇನ್ನೂ ಒಳ್ಳೆಯದು.

ಗಳಗನಾಥದಿಂದ ಹಾವೇರಿಗೆ ಮರಳುವವರು ಹೊಸರಿತ್ತಿಯಲ್ಲಿ ನಿಲ್ಲಿ. ಅದು ವರದೆಯ ದಂಡೆಯ ಊರು. ಧೀರೇಂದ್ರತೀರ್ಥರ ಬೃಂದಾವನ ಅಲ್ಲಿದೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1943ರ ಏಪ್ರಿಲ್ 1ರಂದು ಪೊಲೀಸರ ಗುಂಡಿಗೆ ಬಲಿಯಾದದ್ದೂ ಅಲ್ಲೇ. ಗಾಂಧೀಜಿಯ ಜತೆ 1930ರಲ್ಲಿ ದಂಡಿಗೆ ನಡೆದ ಕನ್ನಡಿಗ ಅವರು. ಅವರೊಂದಿಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇಬ್ಬರೂ ಪ್ರಾಣ ಕೊಟ್ಟರು.

ಐರಣಿ ಮತ್ತು ಥೇಮ್ಸ್

ಎರಡನೆಯ ದಿನ ಇದ್ದರೆ ಹೊಳೆಯ ಮೇಲ್ಭಾಗಕ್ಕೆ, ಐರಣಿಗೆ ಹೋಗಿ. ಹೊಳೆಗೆ ಅಂಟಿಕೊಂಡ ಹಳೆಯ ಕೋಟೆಯ ಗೋಡೆಗಳು, ದಂಡೆಯ ಹೊಳೆಮಠ ಅಲ್ಲಿವೆ. ಕೋಟೆ ಹತ್ತುವಾಗ ಸಡಿಲ ಕಲ್ಲಿನ ಬಗ್ಗೆ ಎಚ್ಚರ. ಈ ಭಾಗದ ಕೋಟೆಗಳು ಧೋಂಡಿಯಾ ವಾಘನ ಕಾಲದಲ್ಲೂ ಯುದ್ಧ ಕಂಡವು. ಶ್ರೀರಂಗಪಟ್ಟಣ ಬಿದ್ದ ಮೇಲೆ ಸೆರೆಯಿಂದ ಹೊರಬಂದು ದಂಡು ಕಟ್ಟಿದ ಧೋಂಡಿಯಾನನ್ನು ಬೆನ್ನಟ್ಟಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ 1800ರ ಜೂನಿನಲ್ಲಿ ಹರಿಹರದ ಬಳಿ ತುಂಗಭದ್ರೆ ದಾಟಿ ಬಂದ, ರಾಣೇಬೆನ್ನೂರಿನ ಕೋಟೆಗೆ ಲಗ್ಗೆ ಹಾಕಿ ಹಿಡಿದ. ಧೋಂಡಿಯಾ ಆ ಸೆಪ್ಟೆಂಬರ್ 10ರಂದು ಹೈದರಾಬಾದ್ ಸೀಮೆಯ ಕೋಣಗಲ್ಲಿನಲ್ಲಿ ಸತ್ತ. ಇದೇ ವೆಲ್ಲೆಸ್ಲಿ ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆಗಿ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ. ಲಂಡನ್ನಿನಲ್ಲಿ ಥೇಮ್ಸ್ ಮೇಲಿನ ವಾಟರ್‌ಲೂ ಸೇತುವೆ ಆ ಗೆಲುವಿನ ಹೆಸರು ಹೊತ್ತಿದೆ.

ಮಗನೋ ಮಗಳೋ ಲಂಡನ್ನಿನಲ್ಲಿದ್ದು, ಚಳಿಗಾಲದಲ್ಲಿ ಅಲ್ಲಿಗೆ ಹೋಗುವವರು ಈಗ ನಮ್ಮ ತಾಲ್ಲೂಕುಗಳಲ್ಲೂ ಇದ್ದಾರೆ. ಅವರಿಗೆ ಒಂದು ದಾರಿ ಹೇಳುತ್ತೇನೆ. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಥೇಮ್ಸ್‌ನ ದಕ್ಷಿಣ ದಂಡೆಗೆ ಬನ್ನಿ. ಪಾರ್ಲಿಮೆಂಟ್ ಭವನವನ್ನು ಹೊಳೆಯಾಚೆ ನೋಡುತ್ತ, ಸೇಂಟ್ ಥಾಮಸ್ ಆಸ್ಪತ್ರೆ, ಲ್ಯಾಂಬೆತ್ ಅರಮನೆ, ಲ್ಯಾಂಬೆತ್ ಸೇತುವೆ ದಾಟಿ ಮುಂದೆ ನಡೆದರೆ ಆಲ್ಬರ್ಟ್ ದಂಡೆಯಲ್ಲಿ ಬಸವೇಶ್ವರರ ಪ್ರತಿಮೆ ಇದೆ. ನಿಧಾನವಾಗಿ ನಡೆದರೂ ಅರ್ಧ ತಾಸಿನ ದಾರಿ. ಪ್ರಧಾನಿ ನರೇಂದ್ರ ಮೋದಿ 2015ರ ನವೆಂಬರ್ 14ರಂದು ಅದನ್ನು ಅನಾವರಣ ಮಾಡಿದರು. ದಂಡೆಗುಂಟ ಕಲ್ಲು ಹಾಸಿದ ಹಾದಿ, ಕೂರಲು ಬೆಂಚು, ಪ್ರತಿ ಸ್ಮಾರಕಕ್ಕೂ ಓದಬಲ್ಲ ಫಲಕ ಅಲ್ಲಿವೆ. ಬಸವಣ್ಣನ ಪ್ರತಿಮೆಗೆ ಥೇಮ್ಸ್ ದಂಡೆಯಲ್ಲಿ ಸಿಕ್ಕ ಆ ಹಾದಿ, ಬೆಂಚು, ಫಲಕ ಅವನ ಸಮಕಾಲೀನ ಚೌಡಯ್ಯನ ಗದ್ದುಗೆಗೂ ತುಂಗಭದ್ರೆಯ ದಂಡೆಯಲ್ಲಿ ಸಿಗಬೇಕು. ಇದು ಅತಿಯಾದ ಬೇಡಿಕೆ ಅಲ್ಲ.

ಚೌಡಯ್ಯದಾನಪುರ, ಹರಳಹಳ್ಳಿ, ಗಳಗನಾಥ ಮೂರೂ ಗುಡಿಗಳು ಭಾರತೀಯ ಪುರಾತತ್ವ ಸರ್ವೇಕ್ಷಣದ ರಕ್ಷಣೆಯಲ್ಲಿವೆ. ಇಂಥ ಸ್ಮಾರಕಗಳ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವುದಕ್ಕೆ ಕಾನೂನಿನ ನಿಷೇಧ ಇದೆ. ಶಾಸನದ ಕಲ್ಲು ಒರಗಿದ್ದು, ಶಿಲ್ಪ ಮುರಿದದ್ದು, ಹೊಲದಲ್ಲಿ ಹೊಸದಾಗಿ ವೀರಗಲ್ಲು ಸಿಕ್ಕದ್ದು ಕಂಡರೆ ಫೋಟೊ ತೆಗೆದು ಗ್ರಾಮ ಪಂಚಾಯಿತಿಗೂ ಗುಡಿಯ ಕಾವಲುಗಾರರಿಗೂ ತಿಳಿಸಿ. ಅದನ್ನು ಎತ್ತಿ ಬೇರೆ ಕಡೆ ಇಡುವ ಕೆಲಸಕ್ಕೆ ಹೋಗಬೇಡಿ. ಕಲ್ಲು ಇದ್ದ ಜಾಗವೂ ಇತಿಹಾಸದ ಸಾಕ್ಷಿಯೇ.

ಇನ್ನೆರಡು ಸಣ್ಣ ಸೂಚನೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಸೋಮವಾರ ಮತ್ತು ಗುರುವಾರ. ಜನವರಿಯಿಂದ ಕೆಂಪು ರಾಶಿಗಳು ಏರುತ್ತವೆ, ಪ್ರವಾಸದ ದಿನವನ್ನು ಅದಕ್ಕೆ ಹೊಂದಿಸಿಕೊಂಡರೆ ಅದನ್ನೂ ನೋಡಬಹುದು. ಆ ದಿನಗಳಲ್ಲಿ ಮೂಗಿಗೆ ಕರವಸ್ತ್ರ ಇಟ್ಟುಕೊಳ್ಳಿ. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆದದ್ದು, ವಿಸ್ತಾರ 119 ಚದರ ಕಿಲೋಮೀಟರ್. ಬೆಳಗಿನ ಹೊತ್ತು ಹೊಲದಂಚಿನಲ್ಲಿ ಹಿಂಡು ಕಂಡರೆ ವಾಹನ ನಿಲ್ಲಿಸಿ, ಹಾರ್ನ್ ಹೊಡೆಯದೆ, ದೂರದಿಂದಲೇ ನೋಡಿ.

ಮೇಡ್ಲೇರಿ, ಗುತ್ತಲ, ರಾಣೇಬೆನ್ನೂರು, ಬ್ಯಾಡಗಿಯ ಶಾಲೆಗಳ ಗುರುಗಳಿಗೆ ಒಂದು ಮನವಿ. ಡಿಸೆಂಬರ್, ಜನವರಿಯಲ್ಲಿ ಶೈಕ್ಷಣಿಕ ಪ್ರವಾಸಕ್ಕೆ ಮಕ್ಕಳನ್ನು ಮೈಸೂರಿಗೆ, ಹಂಪಿಗೆ ಕರೆದೊಯ್ಯುತ್ತೀರಿ. ಅದು ಆಗಲಿ. ಅದಕ್ಕೆ ಮೊದಲು ಒಂದು ಶನಿವಾರ, ಒಂದು ಬಸ್ಸಿನಲ್ಲಿ, ಕಡಿಮೆ ಖರ್ಚಿನಲ್ಲಿ, ಮಕ್ಕಳನ್ನು ಚೌಡಯ್ಯದಾನಪುರಕ್ಕೆ ಬೆಳಗ್ಗೆ ಏಳೂವರೆಗೆ ತಲುಪಿಸಿ. ಪ್ರತಿ ಮಗುವೂ ಶಾಸನದ ಒಂದು ಸಾಲನ್ನಾದರೂ ಕಣ್ಣಾರೆ ಕಂಡು ವಹಿಯಲ್ಲಿ ಬರೆದುಕೊಳ್ಳಲಿ.